ಆವಿ, ಆವು ಮತ್ತು ನಮ್ಮ ಅತ್ತಿಗೆ

ನಮ್ಮ ಅತ್ತಿಗೆ ನೂರೈವತ್ತು ಡಿಗ್ರಿಗಿಂತ ಮೊದಲು ಕುದಿಯುವ ಯಾವುದನ್ನೂ ನಂಬುವುದಿಲ್ಲ. ಹಾಲನ್ನು ನಂಬುವುದಿಲ್ಲ, ನೀರನ್ನು ನಂಬುವುದಿಲ್ಲ, ನಮ್ಮಣ್ಣನನ್ನು ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಅವನನ್ನು ಇನ್ನೂ ಪೂರ್ತಿ ನಂಬಿಲ್ಲ. ಇನ್ನು ನನ್ನನ್ನೋ? ನಾನು ಮದ್ದೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ‘ಹಸು’ ಬರೆಯಿರಿ ಎಂದರೆ ‘ಅಸು’ ಬರೆಯುವ ಮಕ್ಕಳ ಮುಂದೆ ದಿನಕ್ಕೆ ನಾಲ್ಕು ಸಲ ಕುದಿಯುತ್ತೇನೆ. ಅಂಥವಳ ಮೇಲೆ ಅವಳಿಗೆ ನಂಬಿಕೆ ಹುಟ್ಟುವುದಾದರೂ ಹೇಗೆ!

ಅತ್ತಿಗೆ ಪೂರಿಗಾಲಿಯ ಹುಡುಗಿ. ಈಗ ನಲವತ್ತನಾಲ್ಕು ವರ್ಷ, ಆದರೆ ತೌರೂರಿನ ಹೆಸರು ಹೇಳುವಾಗ ಹೆಂಗಸರೆಲ್ಲ ಹುಡುಗಿಯರೇ ತಾನೇ? ದಿನಾ ಮದ್ದೂರಿನಿಂದ ಬಸ್ಸು ಹತ್ತಿ ಮಳವಳ್ಳಿಯ ಒಂದು ಕಾಲೇಜಿಗೆ ಹೋಗಿ ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ಹದಿನಾಲ್ಕು ವರ್ಷದಿಂದ ಅಲ್ಲಿ ಅವಳು ‘ಅತಿಥಿ’ ಉಪನ್ಯಾಸಕಿ. ಹದಿನಾಲ್ಕು ವರ್ಷ ಉಳಿಯುವ ಅತಿಥಿಯನ್ನು ನಮ್ಮ ಕಡೆ ಅತಿಥಿ ಎನ್ನುವುದಿಲ್ಲ, ಅದು ಬೇರೆ ಮಾತು. ಪಿಎಚ್‌ಡಿ ಇಲ್ಲದವರನ್ನು ಕೈಬಿಡುತ್ತಾರೆ ಎಂಬ ಸುದ್ದಿ ಹಬ್ಬಿದ ಮೇಲೆ ಅವಳೂ ಪಿಎಚ್‌ಡಿಗೆ ಸೇರಿದಳು. ಎರಡು ಸಲ ಗಡುವು ಮುಂದೂಡಿದ್ದಾಯಿತು. ಇದು ಕೊನೆಯ ಸಲ. ಆಯಿತೋ, ಕೆಲಸ ಉಳಿಯುತ್ತದೆ. ಇಲ್ಲವೋ, ನೋಂದಣಿಯೂ ಹೋಯಿತು, ಕೆಲಸವೂ ಹೋಯಿತು.

ನಮ್ಮವ್ವನಿಗೆ ಈ ಓದು ಸುತರಾಂ ಇಷ್ಟವಿರಲಿಲ್ಲ. ಅವ್ವನಿಗೆ ಸೊಸೆಯ ಮೇಲೆ ಅನುಮಾನ, ಸೊಸೆಗೆ ಅತ್ತೆಯ ಮೇಲೆ ಅನುಮಾನ. ನಮ್ಮಣ್ಣ ಸೋಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಇಬ್ಬರ ನಡುವೆ ಸಿಕ್ಕಿಕೊಳ್ಳದಿರಲೆಂದೇ ಅವನು ಓವರ್‌ಟೈಮ್ ಮಾಡುತ್ತಾನೆ ಎಂಬುದು ನನ್ನ ಅನುಮಾನ.

ಮೊದಲ ರಂಪ ಮೈಕ್ರೋವೇವ್ ಒಲೆಯದು. ಅಣ್ಣನ ಗೃಹಪ್ರವೇಶಕ್ಕೆ ಅದನ್ನು ಉಡುಗೊರೆ ಕೊಟ್ಟವಳು ನಾನೇ. ಒಂದು ಭಾನುವಾರ ಹೋಗಿ ನೋಡುತ್ತೇನೆ, ಅಡುಗೆಮನೆಯ ಕಟ್ಟೆ ಖಾಲಿ! ಅವ್ವ ಬಾಗಿಲಲ್ಲೇ ನನ್ನ ಕೈ ಹಿಡಿದು ಪಿಸುಗುಟ್ಟಿದಳು.

“ತೌರುಮನೆಗೆ ಸಾಗಿಸ್ಬುಟ್ಲು ಕಣಮ್ಮಿ. ರಾತ್ರಿ ಇತ್ತು, ಬೆಳಿಗ್ಗೆ ಇಲ್ಲ. ನೀ ಒಂದ್ಸಲ ಪೂರಿಗಾಲಿಗೆ ಓಗಿ ನೋಡ್ಕಂಡು ಬಾ.”

ಹೋದೆ! ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ನಾನು ಪೂರಿಗಾಲಿಗೆ ಗೂಢಚಾರಿಣಿಯಾಗಿ ಹೋದೆ. ಅತ್ತಿಗೆಯ ತಾಯಿ ಮುದ್ದೆ ಉಪ್ಸಾರು ಬಡಿಸಿದರು. ಕೈ ತೊಳೆಯುವ ನೆಪದಲ್ಲಿ ಅಡುಗೆಮನೆ, ನೀರು ಕುಡಿಯುವ ನೆಪದಲ್ಲಿ ನಡುಮನೆ, ಕರು ನೋಡುವ ನೆಪದಲ್ಲಿ ಕೊಟ್ಟಿಗೆ, ಎಲ್ಲ ತಪಾಸಣೆ ಮಾಡಿದೆ. ಒಲೆ ಇರಲಿಲ್ಲ. ಹೊರಡುವಾಗ ಆ ತಾಯಿ ಒಂದು ಚೀಲ ಅವರೆಕಾಯಿ ಕೊಟ್ಟು, “ನಮ್ ಮಗ್ಳು ಅಲ್ಲಿ ಚೆಂದಾಗವ್ಳಾ ಕಣವ್ವ? ನಿಜ ಏಳು,” ಎಂದರು. ಅವರಿಗೂ ನಮ್ಮ ಮೇಲೆ ಅನುಮಾನ!

ಒಲೆ ಇದ್ದದ್ದು ಕಾಲೇಜಿನ ಲ್ಯಾಬಿನಲ್ಲಿ. ಕೇಳೋಣವೆಂದು ಒಂದು ಶನಿವಾರ ಅಲ್ಲಿಗೇ ಹೋದೆ. ಗಾಳಿ ಎಳೆಯುವ ಫ್ಯಾನಿದ್ದ ಗಾಜಿನ ಗೂಡಿನೊಳಗೆ ನನ್ನ ಉಡುಗೊರೆ ಕೂತಿತ್ತು. ಮೇಲೆ ಕೆಂಪಕ್ಷರದಲ್ಲಿ ‘ಇದರಲ್ಲಿ ಊಟ ಬಿಸಿ ಮಾಡತಕ್ಕದ್ದಲ್ಲ’ ಎಂಬ ಚೀಟಿ.

“ಅತ್ಗೆ, ಇದೇನು? ಇಲ್ಲಿ ಏನ್ ಬೇಯಿಸ್ತೀಯ?”

“ಔಷಧಿ ಮಾಡೋಕೆ ಬೇಕಾಗೋ ಒಂದು ಪುಡಿ ಕಣೆ. ಒಲೆ ಮೇಲೆ ಎಂಟು ಗಂಟೆ ಕಾಯಿಸ್ಬೇಕು. ಇದ್ರಲ್ಲಿ ಎಂಟೇ ನಿಮಿಷ. ಬೆಂಕಿ ಮೊದ್ಲು ಪಾತ್ರೆ ಕಾಯಿಸ್ತದೆ, ಆಮೇಲೆ ಒಳಗಿನ ಸಾರು ಕಾಯಿಸ್ತದೆ. ಇದ್ರ ಅಲೆ ಅಂಗಲ್ಲ, ನೇರವಾಗಿ ಸಾರನ್ನೇ ಇಡ್ಕತದೆ. ಅದ್ಕೇ ಸಾರು ಯಾವ್ದು ಅನ್ನೋದೇ ಮುಖ್ಯ.”

ಸಾರು ಎಂದರೆ ದ್ರಾವಕ. ಅವಳ ಪುಡಿ ಅದರಲ್ಲಿ ಕರಗಿ ಬೇಯಬೇಕು. ಸ್ಪಿರಿಟ್ಟು ಹಾಕಬಾರದೇಕೆ ಎಂದೆ. ನಾನೇನೋ ಬೈದೆನೆಂಬಂತೆ ಅವಳು ನನ್ನನ್ನು ನೋಡಿದಳು.

“ಸ್ಪಿರಿಟ್ಟಾ? ಅದು ಎಪ್ಪತ್ತೆಂಟಕ್ಕೇ ಕುದೀತದೆ ಕಣೆ! ನಂಗೆ ಬೇಕಾಗಿರೋದು ನೂರೈವತ್ತು. ಮುಚ್ಚಿಟ್ರೆ ಸಿಡೀತದೆ, ತೆಗೆದಿಟ್ರೆ ಆವಿಯಾಗಿ ಓಯ್ತದೆ. ಒಂದು ಕಿಡಿ ಆರಿದ್ರೆ ಲ್ಯಾಬೇ ಓಯ್ತದೆ.”

ಕಿಡಿ ಆರಿದರೆ ಒಳ್ಳೆಯದೇ ಅಲ್ಲವೇ ಎಂದು ಒಂದು ಕ್ಷಣ ತಬ್ಬಿಬ್ಬಾದೆ. ಅತ್ತಿಗೆಗೆ ಎಂಎಸ್ಸಿ ಬಂತು, ‘ಹ’ ಬರಲಿಲ್ಲ. ಕಿಡಿ ‘ಹಾರಿದ್ರೆ’ ಎಂದು ತಿದ್ದಿ ಓದಿಕೊಳ್ಳಿ.

“ಹಂಗಾದ್ರೆ ಬೇಗ ಕುದಿಯದೇ ಇರೋದ್ನ ಹಾಕು.”

“ಅಷ್ಟೇ ಸಾಲ್ದು. ಅಲೇನೂ ಇಡ್ಕಬೇಕಲ್ಲ. ಟಾಲ್ಯೂಯಿನ್ ಅಂತ ಒಂದದೆ, ಸ್ಪಿರಿಟ್ಟಿಗಿಂತ ವಾಸಿ. ಆದ್ರೆ ಅಲೆ ಬಂದ್ರೆ ಗಮನ ಕೊಡಕಿಲ್ಲ. ಎಷ್ಟೊತ್ತು ಇಟ್ರೂ ಬಿಸಿ ಏರಕಿಲ್ಲ.”

“ನಮ್ಮಣ್ಣನ ಥರ.”

“ಊಂ, ನಿಮ್ಮಣ್ಣನಂಗೇ.”

ಇಷ್ಟಾದರೂ ಮುಗಿಯಲಿಲ್ಲ. ತಡವಾಗಿ ಕುದಿಯುವ ದ್ರಾವಕಗಳಿಗೆ ಇನ್ನೊಂದು ರೋಗ. ಕೆಲಸ ಮುಗಿದ ಮೇಲೂ ಪುಡಿ ಬಿಟ್ಟು ಹೊರಡುವುದೇ ಇಲ್ಲವಂತೆ, ಹಬ್ಬಕ್ಕೆ ಬಂದ ಕೆಲವು ನೆಂಟರ ಹಾಗೆ. ಕಾಯಿಸಿ ಓಡಿಸೋಣವೆಂದರೆ ಅಷ್ಟು ಕಾವಿಗೆ ಪುಡಿಯೇ ಕೆಡುತ್ತದೆ. ಆದ್ದರಿಂದ ನೀರಿನಲ್ಲಿ ಸಲೀಸಾಗಿ ಬೆರೆಯುವಂಥದ್ದು ಬೇಕು. ಆಗ ಎಲ್ಲವನ್ನೂ ತಣ್ಣೀರಿಗೆ ಸುರಿದರೆ ದ್ರಾವಕ ನೀರಿಗೆ ಸೇರಿಕೊಳ್ಳುತ್ತದೆ, ಪುಡಿ ತಳಕ್ಕೆ ಕೂರುತ್ತದೆ. ಒಂದು ಗಂಡು ನೋಡುವುದಕ್ಕೂ ನಾವು ಇಷ್ಟು ವಿಚಾರಿಸುವುದಿಲ್ಲ! ಅತ್ತಿಗೆಯ ಬಳಿ ಒಂದು ನೋಟ್‌ಪುಸ್ತಕವಿತ್ತು. ಒಂದೊಂದು ದ್ರಾವಕಕ್ಕೆ ಒಂದೊಂದು ಪುಟ. ಯಾವಾಗ ಕುದಿಯುತ್ತದೆ, ಯಾರ ಜೊತೆ ಸೇರುತ್ತದೆ, ಹಿಂದೆ ಎಲ್ಲೆಲ್ಲಿ ಏನೇನು ಅನಾಹುತ ಮಾಡಿದೆ, ಎಲ್ಲ ಬರೆದಿದ್ದಳು. ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ‘ಅನುಮಾನ’ ಎಂದಿತ್ತು.

ಒಂದು ಪುಟದಲ್ಲಿದ್ದದ್ದು ಡಿಎಂಎಫ್ ಎಂಬ ದ್ರಾವಕ. ನೂರೈವತ್ತಮೂರಕ್ಕೆ ಕುದಿಯುತ್ತದೆ, ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ, ನೀರಿಗೂ ಸೇರುತ್ತದೆ. ಅತ್ತಿಗೆ ಬಹಳ ಮಟ್ಟಿಗೆ ಒಪ್ಪಿದ್ದಳು. ಆದರೆ ಅದನ್ನು ನಮ್ಮವ್ವ ಒಪ್ಪಬೇಕಲ್ಲ!

ಶ್ರಾವಣದ ಸೋಮವಾರ. ನಮ್ಮ ಮನೆಯಲ್ಲಿ ಸೋಮವಾರ ಮಾಂಸದ ಹೆಸರೂ ಎತ್ತುವಂತಿಲ್ಲ. ಅದರಲ್ಲೂ ಶ್ರಾವಣದಲ್ಲಿ ಅವ್ವ ವೈದ್ಯನಾಥಪುರಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಂದು ಒಪ್ಪೊತ್ತು ಇರುತ್ತಾಳೆ. ಸಂಜೆ ನಾನು ಅಣ್ಣನ ಮನೆಯಲ್ಲೇ ಕೂತು ಪೇಪರು ತಿದ್ದುತ್ತಿದ್ದೆ. ಅತ್ತಿಗೆ ಕಾಲೇಜಿನಿಂದ ಬಂದು ಹೊಸಿಲು ದಾಟಿದಳು. ಅವ್ವನ ಮೂಗು ಮೇಲೆದ್ದಿತು.

“ಎಲ್ಲಿ ಉಂಡ್ಬಂದೆ?”

“ಡಬ್ಬಿ ತಕ್ಕೊಂಡೋಗಿದ್ನಲ್ಲತ್ತೆ. ಚಿತ್ರಾನ್ನ.”

“ಚಿತ್ರಾನ್ನ ಮೀನು ವಾಸ್ನೆ ಒಡೀತದಾ? ಶ್ರಾವಣ ಸೋಮ್ವಾರ! ವೈದ್ಯನಾಥೇಸ್ವರ ಮೆಚ್ತಾನಾ ನಿನ್ನ?”

ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದರು. ನಮ್ಮ ಅತ್ತಿಗೆಯ ಮುಖ ಅರಳಿತು! ಬ್ಯಾಗು ಕೆಳಗಿಟ್ಟು ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ಅತ್ತೆ, ಸರಿಯಾಗಿ ಏಳಿ. ಅಸಿ ಮೀನಾ, ಒಣ ಮೀನಾ?”

ಅವ್ವ ನನ್ನ ಕಡೆ ತಿರುಗಿ, “ನೋಡ್ದಾ? ಯಾವ್ ಮೀನು ಅಂತ ನನ್ನೇ ಕೇಳ್ತಾವ್ಳೆ!” ಎಂದಳು.

ವಿಷಯ ಇಷ್ಟೇ. ಡಿಎಂಎಫ್ ಹಳತಾಗಿ ಕೆಟ್ಟರೆ ಮೀನಿನ ವಾಸನೆ ಬರುತ್ತದಂತೆ. ಸೀಸೆ ಕೆಟ್ಟಿದೆಯೇ ಎಂದು ಅತ್ತಿಗೆಗೆ ವಾರದಿಂದ ಅನುಮಾನವಿತ್ತು. ಅವಳ ಮೂಗಿಗೆ ಅಭ್ಯಾಸವಾಗಿ ತಿಳಿದಿರಲಿಲ್ಲ, ಅವ್ವ ಪತ್ತೆ ಹಚ್ಚಿದ್ದಳು. ಮಾರನೆಯ ದಿನವೇ ಅತ್ತಿಗೆ ಆ ಸೀಸೆಗೆ ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿ ಮೂಲೆಗೆ ಸರಿಸಿದಳು. ಡಿಎಂಎಫ್ ಲಿವರಿಗೂ ಒಳ್ಳೆಯದಲ್ಲ ಎಂದು ಪುಟದ ಕೊನೆಯಲ್ಲಿ ಮೊದಲೇ ಬರೆದುಕೊಂಡಿದ್ದಳು. ಇಷ್ಟೆಲ್ಲ ವಿವರಿಸಿದರೂ ಅವ್ವ ನಂಬಲಿಲ್ಲ. ಮೀನು ಮೀನೇ.

ಕಡೆಗೆ ಅತ್ತಿಗೆಯ ಕಣ್ಣು ಬಿದ್ದದ್ದು ಗ್ಲಿಸರಿನ್ ಮೇಲೆ. ಅದೇ, ಚಳಿಗಾಲದಲ್ಲಿ ತುಟಿ ಒಡೆದರೆ ಹಚ್ಚುತ್ತೇವಲ್ಲ, ಅದು! ಇನ್ನೂರ ತೊಂಬತ್ತು ಡಿಗ್ರಿ ತನಕ ಕುದಿಯುವುದಿಲ್ಲ. ಅಲೆ ಹಿಡಿಯುತ್ತದೆ, ನೀರಿಗೆ ಸೇರುತ್ತದೆ, ಮೈಗೆ ಹತ್ತಿದರೆ ಚರ್ಮ ಮೆತ್ತಗಾಗುತ್ತದೆ. ಇಷ್ಟು ಒಳ್ಳೆಯ ಗುಣಗಳನ್ನು ಕಂಡು ಅತ್ತಿಗೆಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಎಲ್ಲೋ ಏನೋ ಮುಚ್ಚಿಟ್ಟಿದೆ ಎಂದು ಹದಿನೈದು ದಿನ ಹುಡುಕಿ, ಕಂಡುಹಿಡಿದೂಬಿಟ್ಟಳು. ಅತಿಯಾಗಿ ಕಾಯಿಸಿದರೆ ಅದು ಕೆಟ್ಟು ಕಣ್ಣುರಿಸುವ ಆವಿ ಬಿಡುತ್ತದೆ. ತಪ್ಪು ಸಿಕ್ಕಿದ ಮೇಲೆ ಅವಳಿಗೆ ಸಮಾಧಾನವಾಗಿ ಅದನ್ನೇ ಆರಿಸಿದಳು.

ಕಾಲೇಜಿಗೆ ತರಿಸುವ ದೊಡ್ಡ ಸೀಸೆ ಬರುವ ತನಕ ಪ್ರಯೋಗಕ್ಕೆಂದು ಮದ್ದೂರಿನ ಮೆಡಿಕಲ್ ಅಂಗಡಿಗಳಿಗೆಲ್ಲ ಅತ್ತಿಗೆ ನುಗ್ಗಿದಳು. ಮೂರನೆಯ ಅಂಗಡಿಯವನು ನನ್ನನ್ನು ದಾರಿಯಲ್ಲಿ ತಡೆದ. “ಮೇಡಂ, ನಿಮ್ಮತ್ಗೆಯವ್ರು ಇದ್ದಬದ್ದ ಗ್ಲಿಸರಿನ್ ಎಲ್ಲಾ ತಕ್ಕೊಂಡೋದ್ರು. ಸಿನಿಮಾದವ್ರು ಅಳಕ್ಕೆ ಕಣ್ಣಿಗಾಕ್ಕತಾರಲ್ಲ, ಅದು. ಮನೇಲಿ ಎಲ್ಲಾ ಚೆಂದಾಗೈತಾ?” ಸಂಜೆಯೊಳಗೆ ಬೀದಿಯಲ್ಲೆಲ್ಲ ನಮ್ಮವ್ವ ಸೊಸೆಯನ್ನು ಗೋಳು ಹುಯ್ದುಕೊಳ್ಳುತ್ತಾಳೆ ಎಂದೂ, ಸೊಸೆ ಸುಳ್ಳು ಕಣ್ಣೀರು ಹಾಕುತ್ತಾಳೆ ಎಂದೂ ಎರಡು ಪಕ್ಷಗಳಾಗಿದ್ದವು.

ಗ್ಲಿಸರಿನ್ ಕೆಲಸ ಮಾಡಿತು. ಎಂಟೇ ನಿಮಿಷ! ಅತ್ತಿಗೆ ಮೈಸೂರಿನ ಗೈಡಿಗೆ ಫೋನು ಮಾಡಿದಳು. ಅವರಿಗೂ ಅನುಮಾನ. ಎಂಟು ಗಂಟೆಯ ಕೆಲಸ ಎಂಟು ನಿಮಿಷದಲ್ಲಿ ಹೇಗಮ್ಮ ಆಗುತ್ತೆ, ಗುರುವಾರ ನಾನೇ ಬಂದು ಕಣ್ಣಾರೆ ನೋಡುತ್ತೇನೆ, ನಿಜವಾದರೆ ನಿನ್ನ ಪ್ರಬಂಧಕ್ಕೆ ಸಹಿ, ಇಲ್ಲದಿದ್ದರೆ ಇಲ್ಲಿಗೆ ಬಿಟ್ಟುಬಿಡೋಣ ಎಂದರು. ಅಲ್ಲಿಗೆ ಅತ್ತಿಗೆಯ ಐದು ವರ್ಷದ ಓದು, ಹದಿನಾಲ್ಕು ವರ್ಷದ ಕೆಲಸ, ಎರಡೂ ಗುರುವಾರದ ಎಂಟು ನಿಮಿಷಕ್ಕೆ ಬಂದು ನಿಂತವು.

ಬುಧವಾರ ಸಂಜೆ ನಾನು ಅವ್ವನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅತ್ತಿಗೆ ಆಗತಾನೇ ಬಂದಿದ್ದಳು. ಮಧ್ಯಾಹ್ನ ಕೊನೆಯ ಸಲ ಮಾಡಿ ನೋಡುವಾಗ ಅರ್ಧ ನಿಮಿಷ ಹೆಚ್ಚು ಕಾಯಿಸಿಬಿಟ್ಟಿದ್ದಳಂತೆ. ಒಲೆಯ ಬಾಗಿಲು ಮುಚ್ಚಿ, ಫ್ಯಾನು ಹಾಕಿ ಬಸ್ಸು ಹತ್ತಿದ್ದಳು. ಬಾಗಿಲು ತೆಗೆದು ಒರೆಸಲೇ ಎಂದು ಕೇಳಲು ಲ್ಯಾಬಿನ ಅಟೆಂಡರು ಫೋನು ಮಾಡಿದರು. ಅತ್ತಿಗೆ ನಡುಮನೆಯಲ್ಲಿ ನಿಂತು ಕೂಗಿದಳು.

“ಅಣ್ಣೋ, ಬಾಗ್ಲು ತೆಗೀಬ್ಯಾಡಿ! ಆವಿನ ಈಚೆ ಬುಡ್ಬ್ಯಾಡಿ! ಡಬ್ಬದೊಳಗೇ ಸುತ್ತಾಡ್ಕಂಡಿರ್ಲಿ. ಮುಖದ ಮೇಲೆ ಬಂದ್ರೆ ಕಣ್ಣು ಓಯ್ತವೆ. ನಾಳೆ ಸಾರ್ ಬರೋ ಒತ್ಗೆ ನಾನೇ ಬಂದು ಬುಡ್ತೀನಿ!”

ನನಗೇನೂ ಅನ್ನಿಸಲಿಲ್ಲ. ಅವ್ವನ ಕೈ ಮಾತ್ರ ಸುಲಿಯುವುದನ್ನು ನಿಲ್ಲಿಸಿತ್ತು. ಈಗ ಯೋಚಿಸಿದರೆ ಕನ್ನಡ ಮೇಡಂ ಆಗಿ ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ‘ಆವಿಯನ್ನು’ ಎಂಬುದು ನಮ್ಮ ಬಾಯಲ್ಲಿ ‘ಆವಿನ’ ಆಗುತ್ತದೆ. ‘ಹಾವನ್ನು’ ಎಂಬುದು ಹಕಾರ ಕಳೆದುಕೊಂಡು ‘ಆವ್ನ’ ಆಗುತ್ತದೆ. ನಡುವೆ ಉಳಿಯುವುದು ಒಂದು ಗುಡಿಸು. ಎಪ್ಪತ್ತೆರಡು ವರ್ಷದ ಕಿವಿಗೆ ಗುಡಿಸು ಕೇಳಿಸುತ್ತದೆಯೇ?

ಬೆಳಿಗ್ಗೆ ಅತ್ತಿಗೆ ಮೊದಲ ಬಸ್ಸಿಗೆ ಹೋದಳು. ಹಿಂದೆಯೇ ಅವ್ವನ ಫೋನು. “ಇಸ್ಕೂಲಿಗೆ ರಜಾ ಆಕು. ಬಸ್‌ಸ್ಟ್ಯಾಂಡಿಗೆ ಬಾ.” ಹೋದರೆ ಅವ್ವನ ಪಕ್ಕ ಗೋಣಿಚೀಲ, ಕೊಕ್ಕೆಕೋಲು ಹಿಡಿದ ಒಬ್ಬ ಗಂಡಸು. ವೈದ್ಯನಾಥಪುರದ ಕಡೆಯ ಹಾವು ಹಿಡಿಯುವವನು!

“ನಿಮ್ಮತ್ಗೆ ಡಬ್ಬದಲ್ಲಿ ಆವು ಮಡಿಕ್ಕಂಡವ್ಳೆ. ನಿನ್ನೆ ನೀನೂ ಕೇಳ್ದಲ್ಲ.”

“ಅಯ್ಯೋ ಅವ್ವಾ, ಅದು ಹಾವಲ್ಲ, ಆವಿ!”

“ನಾನೂ ಅದೇ ತಾನೇ ಏಳ್ತಿರೋದು, ಆವು ಅಂತ!”

ಮಳವಳ್ಳಿ ತನಕ ಬಸ್ಸಿನಲ್ಲಿ ‘ಹ’ ಪಾಠ ಮಾಡಿದೆ. ಹಾವು, ಆವಿ, ಹಾವು, ಆವಿ! ಹಿಂದಿನ ಸೀಟಿನ ಮಗುವೊಂದು ಕಲಿತುಕೊಂಡಿತೇ ಹೊರತು ಅವ್ವ ಕಲಿಯಲಿಲ್ಲ. ಕಂಡಕ್ಟರು ಮಾತ್ರ ಗೋಣಿಚೀಲದ ಪಕ್ಕಕ್ಕೆ ಮತ್ತೆ ಬರಲೇ ಇಲ್ಲ. ನಿಜ ಹೇಳುತ್ತೇನೆ, ಅವ್ವನಿಗೆ ತಪ್ಪು ಕೇಳಿಸಿದೆ ಎಂದೇ ನನಗೆ ಅನ್ನಿಸಲಿಲ್ಲ. ಗೈಡು ಬರುವ ದಿನವೇ ಹೋಗಿ ಸೊಸೆಯ ಮಾನ ಕಳೆಯಲು ಒಂದು ನೆಪ ಹುಡುಕಿಕೊಂಡಿದ್ದಾಳೆ ಎಂದು ನನಗೆ ಗಟ್ಟಿ ಅನುಮಾನವಿತ್ತು. ಕಾಲೇಜಿನ ಗೇಟಿನಲ್ಲಿ ಕೈ ಹಿಡಿದು ಎಳೆದೆ. ಕೊಡವಿಕೊಂಡು ಮೆಟ್ಟಿಲು ಹತ್ತಿದಳು.

ಒಳಗೆ ಗೈಡು ಗಡಿಯಾರ ಹಿಡಿದು ಕೂತಿದ್ದರು. ಒಲೆ ಗುಂಯ್ ಎನ್ನುತ್ತಿತ್ತು. ಐದು ನಿಮಿಷ ಕಳೆದಿತ್ತು. ಅತ್ತಿಗೆ ಹಣೆಯ ಬೆವರು ಒರೆಸಿಕೊಂಡು ತಿರುಗುತ್ತಾಳೆ, ಬಾಗಿಲಲ್ಲಿ ಅತ್ತೆ, ನಾದಿನಿ ಮತ್ತು ಕೊಕ್ಕೆಕೋಲು!

ಹಾವು ಹಿಡಿಯುವವನು ಯಾರ ಅಪ್ಪಣೆಯನ್ನೂ ಕೇಳದೆ ಗೂಡಿಗೆ ಕಿವಿ ಕೊಟ್ಟ. “ಅವ್ನೆ ಕಣವ್ವ. ಬುಸುಗುಡ್ತಾವ್ನೆ. ದೊಡ್ಡೋನೇ!” ಗೈಡು ಸ್ಟೂಲಿನ ಮೇಲೆ ಕಾಲೆತ್ತಿಕೊಂಡರು. ನಾನು ತಡೆಯುವ ಮೊದಲೇ ಅವ್ವ ಹೋಗಿ ಪ್ಲಗ್ಗು ಕಿತ್ತಳು. ಅತ್ತಿಗೆಯನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿ, ತಾನು ಒಲೆಗೆ ಅಡ್ಡವಾಗಿ ನಿಂತಳು.

“ನೀ ದೂರ ಓಗು. ಬಾಗ್ಲು ನಾ ತೆಗೀತೀನಿ.”

“ಅತ್ತೆ, ಇವತ್ತೊಂದಿನಾನಾದ್ರೂ ನನ್ನ ಬುಟ್ಬುಡ್ಬಾರ್ದಾ!” ಎಂದು ಅತ್ತಿಗೆ ಕೈ ಮುಗಿದಳು. ಅಷ್ಟರಲ್ಲಿ ಅವ್ವ ಬಾಗಿಲು ತೆರೆದೇಬಿಟ್ಟಳು.

ಹಾವಿಲ್ಲ. ಗಾಜಿನ ಫ್ಲಾಸ್ಕೊಂದು ಸುಮ್ಮನೆ ಕೂತಿತ್ತು. ಕುದಿದಿರಲಿಲ್ಲ, ಉಕ್ಕಿರಲಿಲ್ಲ, ಒಂದು ಹನಿಯೂ ಚೆಲ್ಲಿರಲಿಲ್ಲ. ನಾನು ಒಂದೇ ಉಸಿರಿನಲ್ಲಿ ಗೈಡಿಗೆ ಹಕಾರದ ಕತೆಯನ್ನೆಲ್ಲ ಹೇಳಿದೆ. ಅವರು ಕಾಲು ಇಳಿಸಿ, ಕನ್ನಡಕ ಸರಿಮಾಡಿಕೊಂಡು, ಫ್ಲಾಸ್ಕಿನೊಳಗೆ ಬಗ್ಗಿ ನೋಡಿದರು.

“ಬೇರೆ ದ್ರಾವಕ ಆಗಿದ್ದರೆ ಈ ಗಲಾಟೆಯಲ್ಲಿ ಏನಾಗುತ್ತಿತ್ತೋ! ಪ್ಲಗ್ ಹಾಕಮ್ಮ. ಇನ್ನು ಮೂರು ನಿಮಿಷ ಬಾಕಿ ಇದೆ.”

ಗೈಡು ಮತ್ತೆ ಗಡಿಯಾರ ಹಿಡಿದು ಮೂರು ನಿಮಿಷ ಎಣಿಸಿದರು. ಆರಿದ ಮೇಲೆ ಅತ್ತಿಗೆ ಫ್ಲಾಸ್ಕನ್ನು ತಣ್ಣೀರಿಗೆ ಸುರಿದಳು. ನೀರು ಕದಡಿತು. ಆಮೇಲೆ ನಿಧಾನವಾಗಿ ತಿಳಿಹಳದಿ ಪುಡಿ ತಳಕ್ಕೆ ಇಳಿಯತೊಡಗಿತು. ಬೇಕಾದಷ್ಟು! ಗೈಡು ಜೇಬಿನಿಂದ ಪೆನ್ನು ತೆಗೆದರು.

ಅತ್ತಿಗೆ ಆ ಕಡೆ ನೋಡಲೇ ಇಲ್ಲ. ಅವಳು ಅವ್ವನನ್ನೇ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಅತ್ತೆಯನ್ನು ಹಾಗೆ ನೋಡಿದ್ದು ನನಗೆ ನೆನಪಿಲ್ಲ.

“ಅತ್ತೆ, ಒಳಗೆ ಆವದೆ ಅಂತ್ಲೇ ಬಂದ್ರಿ. ಮತ್ತೆ ನನ್ನ ತಳ್ಬುಟ್ಟು ನೀವ್ಯಾಕೆ ಅಡ್ಡ ನಿಂತ್ಕಂಡ್ರಿ? ಕಚ್ಚಿದ್ರೆ?”

“ಕಚ್ಲಿ ಬುಡು,” ಅವ್ವ ಸೆರಗು ಕೊಡವಿಕೊಂಡಳು. “ನಾನು ಉಂಡಿವ್ನಿ, ತಿಂದಿವ್ನಿ, ಮೊಮ್ಮಕ್ಳ ಮಖ ಕಂಡಿವ್ನಿ. ನೀನಿನ್ನೂ ಓದ್ಬೇಕಲ್ಲವ್ವ.”

ಅತ್ತಿಗೆ ಅತ್ತಳು. ಅವ್ವನನ್ನು ಅಷ್ಟು ಕೀಳಾಗಿ ಅನುಮಾನಿಸಿದ್ದಕ್ಕೆ ನಾಚಿಕೆಯಾಗಿ ನಾನೂ ಅತ್ತೆ. ಅತ್ತೆಯಾದವಳು ಮಾತ್ರ ಅಳಲಿಲ್ಲ. ಪಾಪ, ಅಷ್ಟು ದೂರದಿಂದ ಬಂದವನನ್ನು ಬರಿಹೊಟ್ಟೆಯಲ್ಲಿ ಹೇಗೆ ಕಳಿಸುವುದು ಎಂದು, ಹಾವು ಹಿಡಿಯುವವನಿಗೆ ಕಾಫಿ ಎಲ್ಲಿ ಸಿಗುತ್ತದೆಂದು ಗೈಡನ್ನು ಕೇಳುತ್ತಿದ್ದಳು.